ಹವಾಮಾನ ಬದಲಾವಣೆ ಓದೋಕೆ ವಿಜ್ಞಾನದ ಬಾಗಿಲಾ, ನೀತಿಯ ಬಾಗಿಲಾ?

ಬಯಲುಸೀಮೆ (ಪ್ರಶ್ನೆ)

ಭೌತಶಾಸ್ತ್ರ, ಗಣಿತದ ಬಿಎಸ್ಸಿ ಈ ವರ್ಷ ಮುಗಿಯುತ್ತದೆ. ಮುಂದೆ ಹವಾಮಾನ ಬದಲಾವಣೆಯನ್ನೇ ಓದುವುದು ಅಂತ ಗಟ್ಟಿ ಮಾಡಿಕೊಂಡಿದ್ದೇನೆ. ಆದರೆ ಕೋರ್ಸುಗಳ ಪಟ್ಟಿ ತೆಗೆದರೆ ಕ್ಲೈಮೇಟ್ ಸೈನ್ಸ್, ಸೈನ್ಸ್ ಅಂಡ್ ಪಾಲಿಸಿ, ಸಸ್ಟೈನಬಿಲಿಟಿ ಸ್ಟಡೀಸ್, ಅಟ್ಮಾಸ್ಫಿಯರಿಕ್ ಸೈನ್ಸ್ ಅಂತ ಹತ್ತು ಹೆಸರು. ಒಳಗೆ ಏನು ಕಲಿಸುತ್ತಾರೆ ಅನ್ನುವುದು ಪ್ರಾಸ್ಪೆಕ್ಟಸ್ ಓದಿದರೂ ತಿಳಿಯುತ್ತಿಲ್ಲ.

ಮೂರು ವರ್ಷದ ಬಿಎಸ್ಸಿ ಇಟ್ಟುಕೊಂಡು ಎಲ್ಲೆಲ್ಲಿ ಅರ್ಜಿ ಹಾಕಬಹುದು? ವಿಜ್ಞಾನ ತೆಗೆದುಕೊಂಡರೆ ನೀತಿಯ ಕಡೆ ದಾರಿ ಮುಚ್ಚಿಹೋಗುತ್ತಾ? ಕ್ಲಾಸು ಶುರುವಾಗುವ ಮುಂಚೆ ಐದಾರು ತಿಂಗಳು ಕೈಯಲ್ಲಿದೆ, ಅಷ್ಟರಲ್ಲಿ ಏನು ಕಲಿತರೆ ಉಪಯೋಗಕ್ಕೆ ಬರುತ್ತೆ? ಪ್ರೋಗ್ರಾಮಿಂಗ್ ಅಷ್ಟಕ್ಕಷ್ಟೆ.

ಮುಂಗಾರು ಲೆಕ್ಕ

ಮೊದಲು ಅರ್ಹತೆಯ ಮಾತು. ಬಹಳ ಜನ ಒಂದು ವರ್ಷ ಕಳೆದುಕೊಳ್ಳುವುದು ಅಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾಯುಮಂಡಲ ಮತ್ತು ಸಾಗರ ವಿಜ್ಞಾನ ಕೇಂದ್ರದಲ್ಲಿ ಕ್ಲೈಮೇಟ್ ಸೈನ್ಸ್ ಎಂ.ಟೆಕ್ ಇದೆ. ದೆಹಲಿ ಐಐಟಿಯ ವಾಯುಮಂಡಲ ವಿಜ್ಞಾನ ಕೇಂದ್ರದಲ್ಲೂ ಎಂ.ಟೆಕ್ ಇದೆ. ಎರಡಕ್ಕೂ ಗೇಟ್ ಬೇಕು. ಮೂರು ವರ್ಷದ ಬಿಎಸ್ಸಿಯವರು ಗೇಟ್ ಪರೀಕ್ಷೆಗೆ ಕೂರಬಹುದು, ಒಳ್ಳೆ ಅಂಕವೂ ಬರಬಹುದು. ಆದರೆ ಎಂ.ಟೆಕ್‌ಗೆ ಸೇರಲು ಬಿಇ ಅಥವಾ ಎಂಎಸ್ಸಿ ಮಟ್ಟದ ಪದವಿ ಕೇಳುತ್ತಾರೆ. ಪರೀಕ್ಷೆ ಬರೆಯುವ ಅರ್ಹತೆ ಬೇರೆ, ಸೀಟಿನ ಅರ್ಹತೆ ಬೇರೆ. ಗೇಟ್ ಅಂಕಕ್ಕೆ ಮೂರು ವರ್ಷ ಆಯುಸ್ಸು, ಆದ್ದರಿಂದ ಎಂಎಸ್ಸಿ ಮಾಡುತ್ತಲೇ ಬರೆದಿಟ್ಟುಕೊಂಡರೆ ನಷ್ಟವಿಲ್ಲ.

ನಿಮ್ಮ ಪದವಿಗೆ ಈಗಲೇ ತೆರೆದಿರುವ ಬಾಗಿಲುಗಳು ಬೇರೆ. ಕೊಚ್ಚಿಯ ಕುಸಾಟ್ (ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ), ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯ, ಪುಣೆ ವಿಶ್ವವಿದ್ಯಾಲಯ ಈ ಮೂರರಲ್ಲೂ ಪವನಶಾಸ್ತ್ರ (ಮೀಟಿಯರಾಲಜಿ) ಇಲ್ಲವೆ ವಾಯುಮಂಡಲ ವಿಜ್ಞಾನದ ಎಂಎಸ್ಸಿ ಇದೆ. ದೆಹಲಿಯ ಟೆರಿ ಸ್ಕೂಲ್‌ನಲ್ಲಿ ಕ್ಲೈಮೇಟ್ ಸೈನ್ಸ್ ಅಂಡ್ ಪಾಲಿಸಿ ಅನ್ನುವ ಹೆಸರಿನ ಎಂಎಸ್ಸಿಯೇ ಇದೆ. ಮುಂಬೈಯ ಟಿಸ್‌ನಲ್ಲಿ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಕ್ಲೈಮೇಟ್ ಚೇಂಜ್ ಅಂಡ್ ಸಸ್ಟೈನಬಿಲಿಟಿ ಸ್ಟಡೀಸ್. ಬರೀ ಭೌತಶಾಸ್ತ್ರದ ಎಂಎಸ್ಸಿ ಮಾಡಿ ಆಮೇಲೆ ಈ ಕಡೆ ತಿರುಗುವುದೂ ಗಟ್ಟಿಯಾದ ದಾರಿ. ಮುಂಬೈ ಐಐಟಿಯ ಕ್ಲೈಮೇಟ್ ಸ್ಟಡೀಸ್ ಪಿಎಚ್‌ಡಿ, ಪುಣೆಯ ಉಷ್ಣವಲಯದ ಪವನಶಾಸ್ತ್ರ ಸಂಸ್ಥೆ, ಇಲ್ಲೆಲ್ಲ ಅಂಥವರನ್ನು ತೆಗೆದುಕೊಳ್ಳುತ್ತಾರೆ.

ಹೆಸರು ನೋಡಿ ಆರಿಸಬೇಡಿ, ಸಿಲಬಸ್ ನೋಡಿ. ವಿಕಿರಣ ವರ್ಗಾವಣೆ (ರೇಡಿಯೇಟಿವ್ ಟ್ರಾನ್ಸ್‌ಫರ್), ಭೂಭೌತಿಕ ದ್ರವಚಲನೆ (ಜಿಯೋಫಿಸಿಕಲ್ ಫ್ಲೂಯಿಡ್ ಡೈನಾಮಿಕ್ಸ್), ಸಂಖ್ಯಾಶಾಸ್ತ್ರ ಮೂರೂ ಕಡ್ಡಾಯವಾಗಿದ್ದರೆ ಅದು ವಿಜ್ಞಾನದ ಕೋರ್ಸು. ಪರಿಸರ ಅರ್ಥಶಾಸ್ತ್ರ, ಅಂತರರಾಷ್ಟ್ರೀಯ ಕಾನೂನು, ಇಂಧನ ಯೋಜನೆ ಕಡ್ಡಾಯವಾಗಿ ಮೇಲಿನ ಮೂರರಲ್ಲಿ ಒಂದು ಮಾತ್ರ ಇದ್ದರೆ ಅದು ನೀತಿಯ ಕೋರ್ಸು. ಎರಡೂ ಕಡೆಯ ವಿಷಯಗಳನ್ನು ಒಂದೊಂದು ಸೆಮಿಸ್ಟರ್ ಮುಟ್ಟಿಸಿ ಬಿಡುವ ಕೋರ್ಸುಗಳೂ ಇವೆ. ಅಲ್ಲಿ ಓದಿದವರು ಹವಾಮಾನದ ಕಂಪ್ಯೂಟರ್ ಮಾದರಿ ನಡೆಸುವವರ ಜೊತೆಯೂ ನೀತಿಯ ಕರಡು ಬರೆಯುವವರ ಜೊತೆಯೂ ಮಾತಾಡಲು ತಡವರಿಸುತ್ತಾರೆ.

ಐದಾರು ತಿಂಗಳಲ್ಲಿ ಮಾಡಬೇಕಾದ್ದು: ಒಂದು ಲೆಕ್ಕವನ್ನು ಕೈಯಾರೆ, ಪೂರ್ತಿ ಮಾಡಿ. ಸೂರ್ಯನಿಂದ ಬರುವ ಶಕ್ತಿ ಚದರ ಮೀಟರಿಗೆ 1361 ವ್ಯಾಟ್. ಭೂಮಿ ಗೋಲ, ಬೆಳಕು ಬೀಳುವುದು ವೃತ್ತದ ಮೇಲೆ, ಆದ್ದರಿಂದ ನಾಲ್ಕರಿಂದ ಭಾಗಿಸಬೇಕು. ಶೇ. 30 ವಾಪಸ್ ಪ್ರತಿಫಲಿಸುತ್ತದೆ. ಉಳಿಯುವುದು 238 ವ್ಯಾಟ್. ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮಕ್ಕೆ ಹಾಕಿದರೆ 255 ಕೆಲ್ವಿನ್, ಅಂದರೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ. ನಿಜವಾದ ಸರಾಸರಿ ಸುಮಾರು 288. ನಡುವಿನ ಆ 33 ಡಿಗ್ರಿಯೇ ಹಸಿರುಮನೆ ಪರಿಣಾಮ.

ಅಲ್ಲಿಂದ ಮುಂದಕ್ಕೆ: ಇಂಗಾಲದ ಡೈಆಕ್ಸೈಡ್ ಕೈಗಾರಿಕಾ ಯುಗಕ್ಕೆ ಮುಂಚೆ ಸುಮಾರು 280 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಷ್ಟು ಭಾಗ), 2024ರ ಸರಾಸರಿ ಸುಮಾರು 424. ಈ ಎರಡರ ಅನುಪಾತದ ನೈಸರ್ಗಿಕ ಲಾಗರಿದಮ್ ತೆಗೆದು 5.35ರಿಂದ ಗುಣಿಸಿದರೆ 2.2 ವ್ಯಾಟ್ ಒತ್ತಡ (ಫೋರ್ಸಿಂಗ್, ಅಂದರೆ ಚದರ ಮೀಟರಿಗೆ ಹೆಚ್ಚುವರಿಯಾಗಿ ಉಳಿಯುವ ಶಕ್ತಿ) ಸಿಗುತ್ತದೆ. ಬರೀ ಬಿಸಿಯಾದ ಭೂಮಿ ಹೆಚ್ಚು ವಿಕಿರಣ ಬಿಡುವುದನ್ನಷ್ಟೇ ಲೆಕ್ಕ ಹಿಡಿದರೆ ಒಂದು ಡಿಗ್ರಿಗೆ 3.2 ವ್ಯಾಟ್ ಹೊರಹೋಗುತ್ತದೆ, ಹಾಗಾಗಿ ಏರಿಕೆ 0.7 ಡಿಗ್ರಿ. ಆದರೆ ಬಿಸಿಯಾದ ಗಾಳಿ ಡಿಗ್ರಿಗೆ ಸುಮಾರು ಶೇ. 7 ಹೆಚ್ಚು ಆವಿ ಹಿಡಿದಿಡುತ್ತದೆ, ಆವಿಯೂ ಹಸಿರುಮನೆ ಅನಿಲ. ಹಿಮ ಕರಗುತ್ತದೆ, ಮೋಡ ಬದಲಾಗುತ್ತದೆ. ಇವನ್ನೆಲ್ಲ ಸೇರಿಸಿದ ಐಪಿಸಿಸಿ (ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿ) ಆರನೇ ವರದಿಯ ಅಂದಾಜು, ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ 3 ಡಿಗ್ರಿ. 2.5ರಿಂದ 4ರ ಒಳಗಿರುವ ಸಂಭವ ಹೆಚ್ಚು. ಆ 2.5ಕ್ಕೂ 4ಕ್ಕೂ ನಡುವಿನ ಅಂತರದಲ್ಲಿ ದೊಡ್ಡ ಪಾಲು ಮೋಡಗಳದ್ದು. ಈ ಸರಪಳಿ ಯಾರ ಸಹಾಯವೂ ಇಲ್ಲದೆ ಬರೆಯಲು ಬಂದರೆ ಮೊದಲ ಸೆಮಿಸ್ಟರಿನ ಭಯ ಅರ್ಧ ಹೋದ ಹಾಗೆ.

ಪ್ರೋಗ್ರಾಮಿಂಗ್‌ಗೆ ಪೈಥಾನ್ ಸಾಕು. ಇದೇ ಲೆಕ್ಕವನ್ನು ಪೈಥಾನ್‌ನಲ್ಲಿ ಬರೆದು, ಸಾಗರಕ್ಕೊಂದು ಉಷ್ಣಧಾರಣೆ ಕೊಟ್ಟು, ಕಾಲದ ಜೊತೆ ತಾಪಮಾನ ಹೇಗೆ ಏರುತ್ತದೆ ಅಂತ ಗೀಟೆಳೆಯಿರಿ. ಮೂವತ್ತು ಸಾಲಿನ ಪ್ರೋಗ್ರಾಂ.

ಕಡತ ಮತ್ತು ಕರಾರು

ಮೇಲಿನ ಉತ್ತರ ಒಪ್ಪುತ್ತೇನೆ. ನೀತಿಯ ಕಡೆ ಗಣಿತ ಬೇಡ ಅನ್ನುವ ತಪ್ಪುಕಲ್ಪನೆ ಇದೆಯಲ್ಲ, ಅದನ್ನು ಮಾತ್ರ ಇಲ್ಲೇ ಬಿಡಿಸಿಬಿಡಬೇಕು.

ಭಾರತ ಪ್ಯಾರಿಸ್ ಒಪ್ಪಂದದಡಿ 2022ರಲ್ಲಿ ಸಲ್ಲಿಸಿದ ಬದ್ಧತೆ ನೋಡಿ: ಜಿಡಿಪಿಯ ಉತ್ಸರ್ಜನಾ ತೀವ್ರತೆಯನ್ನು (ಒಂದು ರೂಪಾಯಿ ಜಿಡಿಪಿಗೆ ಎಷ್ಟು ಹಸಿರುಮನೆ ಅನಿಲ ಅನ್ನುವುದನ್ನು) 2005ರ ಮಟ್ಟಕ್ಕಿಂತ 2030ರೊಳಗೆ ಶೇ. 45 ಇಳಿಸುವುದು. ಪತ್ರಿಕೆಗಳಲ್ಲಿ ಇದು ಎಷ್ಟೋ ಸಲ ‘ಉತ್ಸರ್ಜನೆ ಶೇ. 45 ಕಡಿತ’ ಅಂತ ಅಚ್ಚಾಗುತ್ತದೆ. ಎರಡೂ ಒಂದೇ ಅಲ್ಲ. ಉದಾಹರಣೆಗೆ, ಜಿಡಿಪಿ ವರ್ಷಕ್ಕೆ ಶೇ. 6ರಂತೆ ಹತ್ತು ವರ್ಷ ಬೆಳೆದರೆ 1.79 ಪಟ್ಟಾಗುತ್ತದೆ. ಅದೇ ಹತ್ತು ವರ್ಷದಲ್ಲಿ ತೀವ್ರತೆ ಶೇ. 30 ಇಳಿದರೂ 1.79 ಗುಣಿಸು 0.7, ಅಂದರೆ ಉತ್ಸರ್ಜನೆ ಶೇ. 25 ಏರಿರುತ್ತದೆ. ಮಾತು ಉಳಿಸಿಕೊಂಡಂತೆಯೂ ಆಯಿತು, ಹೊಗೆ ಹೆಚ್ಚಿದಂತೆಯೂ ಆಯಿತು. ಬಡತನ ಇನ್ನೂ ಉಳಿದಿರುವ ದೇಶ ಹೀಗೆ ಕೇಳುವುದು ನ್ಯಾಯವೇ ಅನ್ನುವುದು ಬೇರೆ ಚರ್ಚೆ, ಬಹಳ ಮುಖ್ಯವಾದ ಚರ್ಚೆ. ಆದರೆ ಈ ಗುಣಾಕಾರ ಬರದವರು ಆ ಚರ್ಚೆಗೆ ಕೂರಬಾರದು.

ಇನ್ನೊಂದು ಬದ್ಧತೆ, ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಪಳೆಯುಳಿಕೆಯೇತರ ಮೂಲದಿಂದ. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. 1000 ಮೆಗಾವ್ಯಾಟ್ ಸೌರ ಘಟಕ ಶೇ. 20 ಬಳಕೆಯಲ್ಲಿ ವರ್ಷಕ್ಕೆ ಸುಮಾರು 175 ಕೋಟಿ ಯೂನಿಟ್ ಕೊಡುತ್ತದೆ. ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲು ಘಟಕ ಶೇ. 65ರಲ್ಲಿ ನಡೆದರೆ 569 ಕೋಟಿ ಯೂನಿಟ್.

ಮೀಥೇನ್ ವಿಷಯದಲ್ಲಿ ಎಡವುವವರು ಇನ್ನೂ ಹೆಚ್ಚು. ನೂರು ವರ್ಷದ ಲೆಕ್ಕದಲ್ಲಿ ಒಂದು ಟನ್ ಮೀಥೇನ್ ಎಷ್ಟು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ? ಐಪಿಸಿಸಿ ಎರಡನೇ ವರದಿಯಲ್ಲಿ 21, ನಾಲ್ಕನೆಯದರಲ್ಲಿ 25, ಐದನೆಯದರಲ್ಲಿ 28. ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ 80ರ ಮೇಲೆ. ಭತ್ತದ ಗದ್ದೆ, ದನಕರುಗಳ ಪಾಲು ದೊಡ್ಡದಾಗಿರುವ ನಮ್ಮಂಥ ದೇಶದಲ್ಲಿ ಈ ಒಂದು ಸಂಖ್ಯೆ ಬದಲಾದರೆ ಇಡೀ ಕೋಷ್ಟಕ ಬದಲಾಗುತ್ತದೆ. ಎರಡು ವರದಿ ಹೋಲಿಸುವ ಮುಂಚೆ ಯಾವ ಗುಣಕ ಹಾಕಿದ್ದಾರೆ ಅಂತ ಅಡಿಟಿಪ್ಪಣಿ ಹುಡುಕಿ. ಹಾಗೇ ಒಬ್ಬರು ‘ಇಂಗಾಲ’ದ ಟನ್ ಹೇಳುತ್ತಾರೆ, ಇನ್ನೊಬ್ಬರು ‘ಇಂಗಾಲದ ಡೈಆಕ್ಸೈಡ್’ ಟನ್ ಹೇಳುತ್ತಾರೆ. ನಡುವೆ 3.67 ಪಟ್ಟು ವ್ಯತ್ಯಾಸ, ಅಣು-ಪರಮಾಣು ತೂಕದ ಅನುಪಾತ: 44 ಭಾಗಿಸು 12.

ಇನ್ನು ಪಠ್ಯ ಓದುವ ಕಲೆ. ಪ್ಯಾರಿಸ್ ಒಪ್ಪಂದ ಚಿಕ್ಕದು, 29 ವಿಧಿಗಳು, ಪೂರ್ತಿ ಓದಿ. 2, 4, 6, 9, 13 ಮತ್ತು 14ನ್ನು ಎರಡು ಸಲ ಓದಿ. 4ನೇ ವಿಧಿಯ 4ನೇ ಖಂಡದಲ್ಲಿ ಮುಂದುವರಿದ ದೇಶಗಳು ಇಡೀ ಆರ್ಥಿಕತೆಗೆ ಅನ್ವಯಿಸುವ ಕಡಿತದ ಗುರಿ ಹಾಕಿಕೊಂಡು ಮುಂದಾಳತ್ವ ವಹಿಸುವ ಮಾತಿದೆ. ಕೊನೆಯ ಕರಡಿನಲ್ಲಿ ಅಲ್ಲಿ ‘ಶಲ್’ ಅಂತಿತ್ತು. 2015ರ ಡಿಸೆಂಬರ್ 12ರಂದು ಅಂಗೀಕಾರವಾಗುವ ಹೊತ್ತಿಗೆ ಅದು ‘ಶುಡ್’ ಆಯಿತು. ‘ಶಲ್’ ಉಳಿದಿದ್ದರೆ ಕಾನೂನುಬದ್ಧ ಹೊಣೆಯಾಗಿ ಅಮೆರಿಕದ ಸೆನೆಟ್ ಮುಂದೆ ಹೋಗಬೇಕಾಗುತ್ತಿತ್ತು, ಅಲ್ಲಿ ಅದು ಪಾಸಾಗುವಂತಿರಲಿಲ್ಲ. ‘ಮಾಡತಕ್ಕದ್ದು’ ಮತ್ತು ‘ಮಾಡಬೇಕು’ ನಡುವೆ ಇರುವಷ್ಟೇ ಅಂತರ. ನೀತಿಯ ತರಗತಿಯಲ್ಲಿ ಕಲಿಯುವುದು ಇಂಥ ಅಂತರಗಳನ್ನು ನೋಡುವ ಕಣ್ಣು.

ಐಪಿಸಿಸಿ ಓದುವಾಗಲೂ ಅಷ್ಟೆ. ಅಲ್ಲಿನ ‘ಲೈಕ್ಲಿ’ ಮಾತಿನ ಓಘಕ್ಕೆ ಬಂದ ಪದವಲ್ಲ, ಸಂಭವ ಶೇ. 66 ಅಥವಾ ಹೆಚ್ಚು ಅಂತ ಅರ್ಥ. ‘ವೆರಿ ಲೈಕ್ಲಿ’ ಅಂದರೆ ಶೇ. 90 ಅಥವಾ ಹೆಚ್ಚು. ನೀತಿ ನಿರೂಪಕರ ಸಾರಾಂಶವನ್ನು ಸರ್ಕಾರಗಳು ಸಾಲು ಸಾಲಾಗಿ ಒಪ್ಪಿರುತ್ತವೆ, ಒಳಗಿನ ಅಧ್ಯಾಯಗಳು ವಿಜ್ಞಾನಿಗಳವು. ಪ್ರಬಂಧದಲ್ಲಿ ಉಲ್ಲೇಖಿಸುವಾಗ ಸಾರಾಂಶದಲ್ಲೇ ನಿಲ್ಲಬೇಡಿ, ಆವರಣದಲ್ಲಿ ಕೊಟ್ಟ ವಿಭಾಗ ಸಂಖ್ಯೆ ಹಿಡಿದು ಅಧ್ಯಾಯಕ್ಕೆ ಇಳಿಯಿರಿ.

ಭಾರತದ ಕಡೆ ಓದಬೇಕಾದ್ದು: 2008ರ ರಾಷ್ಟ್ರೀಯ ಕ್ರಿಯಾ ಯೋಜನೆ ಮತ್ತು ಅದರ ಎಂಟು ಮಿಷನ್‌ಗಳು, ಬೆಂಗಳೂರಿನ ಎಂಪ್ರಿ ಸಂಸ್ಥೆ ತಯಾರಿಸಿದ ಕರ್ನಾಟಕದ ಕ್ರಿಯಾ ಯೋಜನೆ, 2022ರ ಇಂಧನ ಸಂರಕ್ಷಣಾ ತಿದ್ದುಪಡಿ ಕಾಯ್ದೆ, ಅದರ ಮೇಲೆ ನಿಂತ 2023ರ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರಂಜಿತ್‌ಸಿನ್ಹ್ ಪ್ರಕರಣದಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ರಕ್ಷಣೆ ಪಡೆಯುವ ಹಕ್ಕನ್ನು ಸಂವಿಧಾನದ 14 ಮತ್ತು 21ನೇ ವಿಧಿಯಲ್ಲಿ ಗುರುತಿಸಿತು. ಆ ಪ್ರಕರಣ ಶುರುವಾದದ್ದು ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಉಳಿಸಲು, ಎದುರಿಗಿದ್ದದ್ದು ಸೌರ ವಿದ್ಯುತ್ತಿನ ತಂತಿಗಳು. ಪರಿಸರದ ಎರಡು ಒಳ್ಳೆಯ ಉದ್ದೇಶಗಳು ಒಂದಕ್ಕೊಂದು ಢಿಕ್ಕಿ ಹೊಡೆದಾಗ ಏನಾಗುತ್ತದೆ ಅನ್ನುವುದಕ್ಕೆ ಆ ತೀರ್ಪಿಗಿಂತ ಒಳ್ಳೆ ಪಾಠ ಸದ್ಯ ಇಲ್ಲ.

ವಿಜ್ಞಾನ ಓದಿದವರಿಗೆ ನೀತಿಯ ದಾರಿ ಮುಚ್ಚುವುದಿಲ್ಲ. ಉಲ್ಟಾ ದಿಕ್ಕೇ ಕಷ್ಟ: ಇಪ್ಪತ್ತೈದು ದಾಟಿದ ಮೇಲೆ ಡಿಫರೆನ್ಶಿಯಲ್ ಈಕ್ವೇಶನ್ ಹೊಸದಾಗಿ ಕಲಿಯುವವರು ಕಡಿಮೆ.

ಬಯಲುಸೀಮೆ

ಇಬ್ಬರಿಗೂ ಧನ್ಯವಾದ. ತಾಪಮಾನದ ಲೆಕ್ಕ ಮಾಡಿದೆ, 254.6 ಬಂತು. ಅಭ್ಯಾಸಕ್ಕೆ ಹವಾಮಾನ ಇಲಾಖೆಯ ಜಾಲತಾಣದಿಂದ ದಿನವಹಿ ಮಳೆಯ ಗ್ರಿಡ್ ಕಡತ (ನಕ್ಷೆಯನ್ನು ಚೌಕಗಳಾಗಿ ಭಾಗಿಸಿ ಒಂದೊಂದಕ್ಕೂ ಮಳೆ ಕೊಟ್ಟದ್ದು) ಇಳಿಸಿಕೊಂಡಿದ್ದೇನೆ. ಸರಾಸರಿ ತೆಗೆದರೆ ಮಳೆ ಋಣಸಂಖ್ಯೆ ಬರುತ್ತಿದೆ! ಯುರೋಪಿನ ಇಆರ್‌ಎ5 (ಅಳತೆಗಳನ್ನೂ ಕಂಪ್ಯೂಟರ್ ಮಾದರಿಯನ್ನೂ ಸೇರಿಸಿ ಕಟ್ಟಿದ ಹವಾಮಾನ ದತ್ತಾಂಶ) ಜೊತೆ ಹೋಲಿಸಿದರೆ ಒಂದು ದಿನ ಹಿಂದುಮುಂದು ಕಾಣುತ್ತಿದೆ. ಎಲ್ಲಿ ತಪ್ಪು?

ಮುಂಗಾರು ಲೆಕ್ಕ

ಎರಡೂ ಎಲ್ಲರಿಗೂ ಆಗುವ ತಪ್ಪೇ.

ಆ ಕಡತದಲ್ಲಿ ಮಾಹಿತಿ ಇಲ್ಲದ ಚೌಕಗಳಿಗೆ, ಅಂದರೆ ಸಮುದ್ರ ಮತ್ತು ಗಡಿಯಾಚೆಗೆ, −999 ತುಂಬಿರುತ್ತಾರೆ. ಸರಾಸರಿಗೆ ಮುಂಚೆ ಅದನ್ನು ಖಾಲಿ ಮೌಲ್ಯವಾಗಿ ಬದಲಿಸಿ. ಕಡತ ಸರಿಯಾಗಿ ಇಳಿದಿದೆಯೇ ಅಂತ ಗಾತ್ರದಿಂದಲೇ ಗೊತ್ತಾಗುತ್ತದೆ. 0.25 ಡಿಗ್ರಿ ಗ್ರಿಡ್‌ನಲ್ಲಿ ಪೂರ್ವ-ಪಶ್ಚಿಮ 135, ಉತ್ತರ-ದಕ್ಷಿಣ 129 ಬಿಂದು. ಒಂದೊಂದು ಸಂಖ್ಯೆಗೆ 4 ಬೈಟ್. 365 ದಿನದ ಬೈನರಿ ಕಡತ 2,54,25,900 ಬೈಟ್ ಇರಬೇಕು, ಅಧಿಕ ವರ್ಷದ್ದು 2,54,95,560. ಒಂದು ಬೈಟ್ ಕಡಿಮೆ ಇದ್ದರೂ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ ಅಂತಲೇ ಲೆಕ್ಕ. ಮೊದಲ ಬಿಂದು 6.5 ಉತ್ತರ, 66.5 ಪೂರ್ವ.

ದಿನದ ವ್ಯತ್ಯಾಸ: ನಮ್ಮಲ್ಲಿ ಮಳೆ ಅಳೆಯುವುದು ಬೆಳಿಗ್ಗೆ 8.30ಕ್ಕೆ. ಜುಲೈ 15 ಅಂತ ಬರೆದ ಮಳೆ ನಿಜವಾಗಿ 14ರ ಬೆಳಿಗ್ಗೆ 8.30ರಿಂದ 15ರ ಬೆಳಿಗ್ಗೆ 8.30ರವರೆಗೆ ಬಿದ್ದದ್ದು. 8.30 ಅಂದರೆ ವಿಶ್ವ ಕಾಲಮಾನದಲ್ಲಿ ಬೆಳಗಿನ 3. ಇಆರ್‌ಎ5ರ ಪ್ರತಿ ಗಂಟೆಯ ಮಳೆ ಆ ಗಂಟೆಯ ಮುದ್ರೆಗೆ ಮುಂಚಿನ ಅರವತ್ತು ನಿಮಿಷದ್ದು. ಆದ್ದರಿಂದ 14ರ 4 ಗಂಟೆಯ ಮುದ್ರೆಯಿಂದ 15ರ 3 ಗಂಟೆಯ ಮುದ್ರೆಯವರೆಗೆ 24 ಸಂಖ್ಯೆ ಕೂಡಿ. ಅದು ಮೀಟರ್‌ನಲ್ಲಿರುತ್ತದೆ, 1000ದಿಂದ ಗುಣಿಸಿ ಮಿಲಿಮೀಟರ್ ಮಾಡಿ. ಇನ್ನೊಂದು: ಇಆರ್‌ಎ5ರಲ್ಲಿ ಅಕ್ಷಾಂಶ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. 11ರಿಂದ 19 ಅಂತ ಕತ್ತರಿಸಿದರೆ ಎಕ್ಸ್‌ಅರೇ (ಇಂಥ ಕಡತ ಓದುವ ಪೈಥಾನ್ ಸಲಕರಣೆ) ತಪ್ಪು ತೋರಿಸುವುದಿಲ್ಲ, ಸುಮ್ಮನೆ ಖಾಲಿ ತುಂಡು ಕೊಡುತ್ತದೆ. 19ರಿಂದ 11 ಅಂತ ಬರೆಯಿರಿ.

ಮುಂದೆ ಸಿಎಂಐಪಿ6 (ಹಲವು ದೇಶಗಳ ಹವಾಮಾನ ಮಾದರಿಗಳನ್ನು ಹೋಲಿಸುವ ಯೋಜನೆ) ಮಾದರಿಗಳಿಗೆ ಹೋದಾಗ ಮಳೆ ಚದರ ಮೀಟರಿಗೆ ಸೆಕೆಂಡಿಗೆ ಇಷ್ಟು ಕಿಲೋಗ್ರಾಂ ಅನ್ನುವ ಲೆಕ್ಕದಲ್ಲಿರುತ್ತದೆ, ದಿನಕ್ಕೆ ಮಿಲಿಮೀಟರ್ ಮಾಡಲು 86,400ರಿಂದ ಗುಣಿಸಬೇಕು. ಬ್ರಿಟನ್ನಿನ ಕೆಲವು ಮಾದರಿಗಳಲ್ಲಿ ತಿಂಗಳಿಗೆ ಮೂವತ್ತೇ ದಿನ, ವರ್ಷಕ್ಕೆ 360. ಮೇ 31 ಅಂತ ಕೇಳಿದರೆ ಅಂಥ ದಿನವೇ ಅಲ್ಲಿಲ್ಲ.

ಮಲೆನಾಡ ಮಾಪಕ

ಮೇಲಿನದಕ್ಕೆ ಒಂದು ಎಚ್ಚರಿಕೆ ಸೇರಿಸಬೇಕು. ಕಡತ ಸರಿಯಾಗಿ ತೆರೆದ ಮಾತ್ರಕ್ಕೆ ಸಂಖ್ಯೆ ನಿಜ ಆಗುವುದಿಲ್ಲ. ಒಂದು ಚೌಕ ಸುಮಾರು 27 ಕಿ.ಮೀ. ಅಗಲ, ಅಂದರೆ ಒಂದು ತಾಲ್ಲೂಕಿಗೆ ಒಂದೋ ಎರಡೋ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆ, ಶಿವಮೊಗ್ಗ ನಗರಕ್ಕೆ ಬರುವಷ್ಟರಲ್ಲಿ ಕಾಲುಭಾಗವೂ ಉಳಿದಿರುವುದಿಲ್ಲ. ಘಟ್ಟದ ಅಂಚಿನಲ್ಲಿ ಒಂದು ಚೌಕದ ಸರಾಸರಿ ಅಲ್ಲಿನ ಯಾವ ಊರಿನ ಮಳೆಯೂ ಅಲ್ಲ. ಜೊತೆಗೆ ಗ್ರಿಡ್‌ನ ಹಿಂದಿರುವ ಮಳೆಮಾಪಕ ಕೇಂದ್ರಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗಿದೆ. ಕೇಂದ್ರ ಹೆಚ್ಚಾದದ್ದೇ ‘ಭಾರಿ ಮಳೆ ಹೆಚ್ಚಾಗಿದೆ’ ಅಂತ ಕಾಣಬಹುದು.

ಪ್ರವೃತ್ತಿ (ವರ್ಷಗಳುದ್ದಕ್ಕೂ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದು) ತೆಗೆಯುವಾಗ ಮಾನ್-ಕೆಂಡಾಲ್ ಪರೀಕ್ಷೆ, ಸೆನ್ ಇಳಿಜಾರು ಅಂತ ಎಲ್ಲರೂ ಬಳಸುತ್ತಾರೆ. ಒಂದು ವರ್ಷದ ಮೌಲ್ಯ ಮುಂದಿನ ವರ್ಷದ ಮೇಲೆ ನೆರಳು ಬೀರುವ ಸರಣಿಯಾದರೆ (ತಾಪಮಾನ, ಅಂತರ್ಜಲ) ಈ ಪರೀಕ್ಷೆ ಇಲ್ಲದ ಪ್ರವೃತ್ತಿಯನ್ನೂ ‘ಇದೆ’ ಅನ್ನುತ್ತದೆ. ಈ ನೆರಳನ್ನು, ಅಂದರೆ ಸ್ವಸಹಸಂಬಂಧವನ್ನು, ಮೊದಲು ಪರೀಕ್ಷಿಸಿ. ಆರಂಭದ ವರ್ಷವನ್ನೂ ಗಮನಿಸಿ. 1972 ದೇಶಕ್ಕೇ ಬರದ ವರ್ಷ. ಅಲ್ಲಿಂದ ಗೆರೆ ಎಳೆದರೆ ಮುಂಗಾರು ಏರುತ್ತಿರುವಂತೆ ಕಾಣಿಸೀತು. ಆರಂಭವನ್ನು ಐದೈದು ವರ್ಷ ಹಿಂದೆ ಮುಂದೆ ಸರಿಸಿ, ಗೆರೆಯ ದಿಕ್ಕು ಉಳಿಯುತ್ತದೆಯೇ ನೋಡಿ.

‘ವಾಡಿಕೆ ಮಳೆ’ಯೂ ಸ್ಥಿರವಲ್ಲ. ದೇಶದ ಮುಂಗಾರಿನ ವಾಡಿಕೆ 1961–2010ರ ಲೆಕ್ಕದಲ್ಲಿ 880.6 ಮಿ.ಮೀ. ಇತ್ತು, 1971–2020ರ ಲೆಕ್ಕದಲ್ಲಿ 868.6. ಹಳೆಯ ವರ್ಷಗಳ ‘ವಾಡಿಕೆಗಿಂತ ಶೇ. ಇಷ್ಟು ಕಡಿಮೆ’ ಅನ್ನುವುದನ್ನು ಹೊಸದರ ಜೊತೆ ನೇರವಾಗಿ ಜೋಡಿಸಬೇಡಿ, ಮಿಲಿಮೀಟರಿಗೆ ವಾಪಸ್ ಹೋಗಿ.

ಪ್ರಬಂಧದ ವಿಷಯ ಹುಡುಕುವಾಗ ವಿಜ್ಞಾನವೂ ನೀತಿಯೂ ಒಂದೇ ಜಾಗದಲ್ಲಿ ಸೇರುವ ಕಡೆ ನೋಡಿ. ಕರ್ನಾಟಕದಲ್ಲಿ ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ಪರಿಹಾರ ನಿರ್ಧಾರವಾಗುವುದು ಮಳೆಮಾಪಕದ ಅಂಕಿಯಿಂದ, ಮರದ ಮೇಲಿನ ಕೊಳೆರೋಗದಿಂದಲ್ಲ. ಮಾಪಕ ಇರುವ ಜಾಗಕ್ಕೂ ತೋಟಕ್ಕೂ ಮಳೆ ಎಷ್ಟು ವ್ಯತ್ಯಾಸ, ಅದರಿಂದ ಎಷ್ಟು ರೈತರಿಗೆ ನಷ್ಟವಾದರೂ ಹಣ ಬರುವುದಿಲ್ಲ: ಇದು ಒಂದೂವರೆ ವರ್ಷದಲ್ಲಿ ಮುಗಿಯುವ, ಅಂಕಿಸಂಖ್ಯೆಯೂ ಜನರೂ ಇರುವ ಪ್ರಶ್ನೆ. ಇನ್ನೊಂದು ಪಾವಗಡ. 2050 ಮೆಗಾವ್ಯಾಟ್ ಸೌರ ಪಾರ್ಕು, ಸುಮಾರು 13 ಸಾವಿರ ಎಕರೆ, ಜಮೀನು ಕೊಂಡಿದ್ದಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಗೆ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಪಹಣಿಯಲ್ಲಿ ಹೆಸರಿದ್ದವರಿಗೆ ಹಣ ಬರುತ್ತದೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಪಹಣಿಯಲ್ಲಿ ಕಾಲಂ ಇಲ್ಲ. ಇದನ್ನು ಓದದೆ ‘ನ್ಯಾಯಯುತ ಪರಿವರ್ತನೆ’ಯ ಮೇಲೆ ಪ್ರಬಂಧ ಬರೆಯುವವರು ಇದ್ದಾರೆ, ಅದು ಬೇಸರದ ಸಂಗತಿ.

ದೂರದೂರು

ಹೊರದೇಶದ ಬಗ್ಗೆ ಯಾರೂ ಹೇಳಲಿಲ್ಲ, ಚಿಕ್ಕದಾಗಿ. ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದಲ್ಲಿ ಸಮಗ್ರ ಹವಾಮಾನ ವ್ಯವಸ್ಥೆ ವಿಜ್ಞಾನದ ಎರಡು ವರ್ಷದ ಎಂಎಸ್ಸಿ ಇಂಗ್ಲಿಷಿನಲ್ಲೇ ಇದೆ, ಬೋಧನಾ ಶುಲ್ಕವಿಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಅದೇ ಊರಿನಲ್ಲಿ ಮ್ಯಾಕ್ಸ್ ಪ್ಲಾಂಕ್ ಪವನಶಾಸ್ತ್ರ ಸಂಸ್ಥೆ ಇದೆ, 2021ರ ಭೌತಶಾಸ್ತ್ರ ನೊಬೆಲ್ ಹಂಚಿಕೊಂಡ ಕ್ಲಾಸ್ ಹಾಸೆಲ್‌ಮನ್ ಕಟ್ಟಿದ್ದು. ಖರ್ಚು ಕಡಿಮೆ ಅಂದರೂ ವೀಸಾಕ್ಕೆ ನಿರ್ಬಂಧಿತ ಖಾತೆಯಲ್ಲಿ ಒಂದು ವರ್ಷದ ಹಣ ತೋರಿಸಬೇಕು, 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ. ಭಾರತದವರಿಗೆ ಎಪಿಎಸ್ ಪ್ರಮಾಣಪತ್ರ (ನಮ್ಮ ಪದವಿಯನ್ನು ಜರ್ಮನ್ ಕಡೆಯವರು ಪರಿಶೀಲಿಸಿ ಕೊಡುವುದು) ಕಡ್ಡಾಯ, ಅದು ಕೈಗೆ ಬರಲು ವಾರಗಟ್ಟಲೆ ಹಿಡಿಯಬಹುದು, ಅರ್ಜಿಗೆ ಮುಂಚೆಯೇ ಶುರುಮಾಡಿ. ಮೂರು ವರ್ಷದ ಬಿಎಸ್ಸಿಯನ್ನು ಒಪ್ಪುತ್ತಾರಾ ಅಂತ ಪ್ರವೇಶ ಕಚೇರಿಗೆ ಬರೆದು ಲಿಖಿತ ಉತ್ತರ ಪಡೆದ ಮೇಲೇ ಯಾವ ಶುಲ್ಕವಾದರೂ ಕಟ್ಟಿ.

ನೆದರ್ಲೆಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಕ್ಲೈಮೇಟ್ ಸ್ಟಡೀಸ್ ಎರಡು ವರ್ಷ, ಕೃಷಿಯ ಕಡೆ ಒಲವಿದ್ದರೆ ಒಳ್ಳೆಯದು. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಕ್ಲೈಮೇಟ್ ಅಂಡ್ ಸೊಸೈಟಿ ಒಂದೇ ವರ್ಷದ್ದು, ದುಬಾರಿ. ಮುಂದೆ ಪಿಎಚ್‌ಡಿ ಮಾಡುವ ಯೋಚನೆ ಇದ್ದರೆ ಒಂದು ವರ್ಷದ ಕೋರ್ಸಿನಲ್ಲಿ ಪ್ರಬಂಧಕ್ಕೆ ಸಿಗುವ ಸಮಯ ಬಹಳ ಕಡಿಮೆ ಅನ್ನುವುದು ನೆನಪಿರಲಿ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಕರ್ನಾಟಕ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ. ಎಲ್ಲರಿಗೂ ಜೆ.ಎನ್. ಟಾಟಾ ಎಂಡೋಮೆಂಟ್ ಇದೆ, ಆದರೆ ಅದು ಸಾಲದ ರೂಪದ ವಿದ್ಯಾರ್ಥಿವೇತನ, ತೀರಿಸಬೇಕು.

ಬಯಲುಸೀಮೆ

−999 ತೆಗೆದೆ, 24 ಗಂಟೆಯ ಕಿಟಕಿ ಸರಿಸಿದೆ, ಜುಲೈ ತಿಂಗಳ ಏರಿಳಿತ ಎರಡರಲ್ಲೂ ಈಗ ಒಂದೇ ದಿನಕ್ಕೆ ಬೀಳುತ್ತಿದೆ. ಆದರೆ ಘಟ್ಟದ ಚೌಕಗಳಲ್ಲಿ ಇಆರ್‌ಎ5 ಮಳೆ ಇನ್ನೂ ಕಡಿಮೆಯೇ ಇದೆ.

ಮುಂಗಾರು ಲೆಕ್ಕ

ಅದು ನಿಮ್ಮ ಪ್ರೋಗ್ರಾಮಿನ ತಪ್ಪಲ್ಲ. ಆ ಮಾದರಿಯ ಚೌಕ ಸುಮಾರು 31 ಕಿ.ಮೀ., ಅಷ್ಟರೊಳಗೆ ಘಟ್ಟದ ಕಡಿದಾದ ಗೋಡೆ ಸವೆದು ಮೆಲ್ಲನೆಯ ದಿಬ್ಬವಾಗಿಬಿಡುತ್ತದೆ, ಗಾಳಿ ಮೇಲೇರುವುದು ಕಡಿಮೆಯಾಗಿ ಮಳೆಯೂ ಕಡಿಮೆಯಾಗುತ್ತದೆ. ಮಾದರಿಯ ಎತ್ತರದ ಕಡತವನ್ನೂ ಇಳಿಸಿಕೊಂಡು ನಿಜವಾದ ಎತ್ತರದ ಪಕ್ಕದಲ್ಲಿ 13.5 ಡಿಗ್ರಿ ಅಕ್ಷಾಂಶದಲ್ಲಿ ಒಂದು ಅಡ್ಡಸೀಳು ಎಳೆದು ನೋಡಿ.